ನಲವತ್ತೊಂದನೇ ನಂಬರು

ಆ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಡಲು ಬಂದವರು ಕಿಟಕಿಗೆ ತಲೆ ಹಾಕಿ ಮೊದಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಇವತ್ತು ಸೂಜಿಯಕ್ಕ ಇದಾರಾ?" ಇದ್ದಾರೆ ಎಂದರೆ ಸಾಲಿನಲ್ಲಿ ನಿಲ್ಲುತ್ತಿದ್ದರು. ರಜೆ ಎಂದರೆ ಅರ್ಧ ಜನ ಏನಾದರೂ ನೆಪ ಹೇಳಿ ಜಾಗ ಖಾಲಿ ಮಾಡುತ್ತಿದ್ದರು.

ಹೆಸರು ಸುಮ್ಮನೆ ಬಂದದ್ದಲ್ಲ. ಹತ್ತೊಂಬತ್ತು ವರ್ಷದಿಂದ ಅವಳು ನೆಲಮಹಡಿಯ ಆ ಕೋಣೆಯಲ್ಲಿ, ಎತ್ತರದ ಸ್ಟೂಲಿನ ಮೇಲೆ, ತೋಳಿಗೆ ಕಟ್ಟುವ ರಬ್ಬರ್ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡು ಕೂತವಳು. ಬೇರೆಯವರು ಮೂರು ಸಲ ಚುಚ್ಚಿ ಕೈಚೆಲ್ಲಿದ ಮುದುಕರ ತೋಳನ್ನು ಎರಡು ಬೆರಳಲ್ಲಿ ತಟ್ಟಿ ನರ ಹಿಡಿಯುತ್ತಿದ್ದಳು. ಹೆದರಿದವರಿಗೆ ಅವಳದೊಂದು ಪ್ರಶ್ನೆ ಇರುತ್ತಿತ್ತು: "ನಿಮ್ಮನೇಲಿ ಜಾಸ್ತಿ ಜಗಳ ಆಡೋರು ಯಾರು?" ಆ ಮಹಾಶಯರು ಯೋಚಿಸಿ, ಹೆಂಡತಿಯ ಹೆಸರು ಹೇಳಲೋ ಅತ್ತೆಯ ಹೆಸರು ಹೇಳಲೋ ಎಂದು ತಡವರಿಸುವಷ್ಟರಲ್ಲಿ ಟ್ಯೂಬು ತುಂಬಿ ಹತ್ತಿ ಒತ್ತಿ ಮುಗಿದಿರುತ್ತಿತ್ತು.

ಆದರೆ ಅವಳನ್ನು ಆ ಸ್ಟೂಲಿನ ಮೇಲೆ ಕೂರಿಸಿದ್ದು ಕೈಚಳಕವಲ್ಲ, ಸಿಟ್ಟು. ಅವಳಿಗೆ ಹದಿನೇಳು ವರ್ಷವಿದ್ದಾಗ ಅಪ್ಪ ಒಂದು ವರ್ಷ ಬಾಯಾರಿಕೆ ಬಾಯಾರಿಕೆ ಎಂದು ಬಿಂದಿಗೆಗಟ್ಟಲೆ ನೀರು ಕುಡಿದ. ಕಾಲಿನ ಗಾಯ ಮಾಯಲಿಲ್ಲ. ಒಬ್ಬರು ಉಷ್ಣ ಎಂದರು, ಒಬ್ಬರು ಚಿಂತೆ ಎಂದರು, ಇನ್ನೊಬ್ಬರು ಚಪ್ಪಲಿ ಬದಲಾಯಿಸಿ ನೋಡಿ ಎಂದರು. ಕೊನೆಗೆ ಯಾರೋ ಒಂದು ಹನಿ ರಕ್ತ ತೆಗೆದು ನೋಡಿದಾಗ ಸಕ್ಕರೆ ಆಕಾಶಕ್ಕೇರಿತ್ತು. ಮನುಷ್ಯ ನಾಲ್ಕನೇ ದಿನ ಹೋಗಿಬಿಟ್ಟ. ಒಂದು ಹನಿ ಸಾಕಾಗಿತ್ತಲ್ಲ! ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಹಾಗೇ ಕೂತಿತು. ಲ್ಯಾಬಿಗೆ ಬರುವ ಹೊಸ ಹುಡುಗಿಯರಿಗೆಲ್ಲ ಅವಳು ಹೇಳುತ್ತಿದ್ದ ಮಾತು ಅದರಿಂದಲೇ ಹುಟ್ಟಿದ್ದು: "ಬಾಯಿ ಸುಳ್ಳು ಹೇಳುತ್ತೆ ಕಣ್ರೇ, ರಕ್ತ ಹೇಳಲ್ಲ."

ಅಪ್ಪ ಹೋದಾಗ ತಮ್ಮನಿಗೆ ಆರು ವರ್ಷ. ಅಮ್ಮ ಶಾಲೆಯ ಸಮವಸ್ತ್ರ ಹೊಲಿಯುತ್ತ ಮಿಷನ್ನಿಗೆ ಅಂಟಿಕೊಂಡವಳು. ಹೀಗಾಗಿ ತಮ್ಮನ ತಲೆ ಬಾಚಿದ್ದು, ಮಗ್ಗಿ ಹೇಳಿಸಿದ್ದು, ಬೆನ್ನಿಗೆ ನಾಲ್ಕು ಕೊಟ್ಟಿದ್ದು ಎಲ್ಲ ಅಕ್ಕನೇ. ಮದುವೆಯ ಮಾತು ಬಂದಾಗಲೆಲ್ಲ "ಇವನೊಂದು ದಡ ಸೇರಲಿ" ಎನ್ನುತ್ತಿದ್ದಳು. ಇವನು ದಡ ಸೇರುವ ಹೊತ್ತಿಗೆ ಮದುವೆಯ ಮಾತೆತ್ತುವವರೇ ಇಲ್ಲವಾದರು. ಅದಕ್ಕೆ ಅವಳೇನೂ ಅಳುತ್ತ ಕೂರಲಿಲ್ಲ ಬಿಡಿ.

ತಮ್ಮ ದಡ ಸೇರಿದ್ದು ಒಂದು ಕನ್ನಡಕದ ಅಂಗಡಿಯಲ್ಲಿ. ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂತು, ಚೀಟಿಯಲ್ಲಿರುವ ಅಳತೆಗೆ ಗಾಜನ್ನು ತೇಯ್ದು ಚೌಕಟ್ಟಿಗೆ ಕೂರಿಸುವ ಕೆಲಸ. ಕೂದಲೆಳೆಯಷ್ಟು ಓರೆಯಾದರೂ ಹಾಕಿಕೊಂಡವರಿಗೆ ತಲೆನೋವು. ಅವನ ಕೈಯಲ್ಲಿ ಓರೆಯಾದದ್ದೇ ಇಲ್ಲ. "ನಿಮ್ಮ ತಮ್ಮನ ಕಣ್ಣು ನನಗೆ ಕೊಟ್ಟಿದ್ರೆ ನಾನು ಅಂಗಡಿ ಮುಚ್ಚಿ ರಾಜನ ಹಾಗೆ ಇರ್ತಿದ್ದೆ ತಾಯಿ" ಎಂದು ಅಂಗಡಿಯ ಯಜಮಾನ ನಗುತ್ತಿದ್ದ. ತಮ್ಮನೂ ನಗಿಸುವವನೇ. ಗಿರಾಕಿಗಳ ನಡಿಗೆ, ಕೆಮ್ಮು, ಕನ್ನಡಕ ಹಾಕಿಕೊಂಡು ಮೊದಲ ಸಲ ಕನ್ನಡಿಯಲ್ಲಿ ನೋಡಿಕೊಳ್ಳುವ ಬಿಗುಮಾನ, ಎಲ್ಲವನ್ನೂ ಊಟದ ಹೊತ್ತಿಗೆ ಮಾಡಿ ತೋರಿಸಿ ಅಮ್ಮನಿಗೆ ನೆತ್ತಿ ಹತ್ತಿಸುತ್ತಿದ್ದ.

ಮೊದಲು ನಿಂತದ್ದು ಆ ನಗು. ಅವನಿಗೆ ಇಪ್ಪತ್ತಾರು ನಡೆಯುತ್ತಿತ್ತು. ಊಟಕ್ಕೆ ಕೂತರೆ ತಟ್ಟೆ ನೋಡಿಕೊಂಡು ತಿಂದು ಎದ್ದುಹೋಗುತ್ತಿದ್ದ. ಸುಸ್ತು ಎಂದುಕೊಂಡಳು ಅಕ್ಕ. ಆಮೇಲೆ ಒಂದೇ ಅಂಗಿಯನ್ನು ಒಂಬತ್ತು ದಿನ ಹಾಕಿದ. ಸೋಮಾರಿ ಎಂದು ಬೈದಳು. ಗೋಡೆಗೆ ಮುಖ ಮಾಡಿ ತಿನ್ನತೊಡಗಿದ. ಸ್ನೇಹಿತರ ಫೋನ್ ಬಂದರೆ ಕತ್ತರಿಸಿಬಿಡುತ್ತಿದ್ದ. ರೇಡಿಯೋದಲ್ಲಿ ವಾರ್ತೆ ಓದುತ್ತಿದ್ದಾಗ ಎದ್ದು ಬಂದು ಆರಿಸಿ, "ನನ್ನ ವಿಷಯ ಯಾಕೆ ಎತ್ತಬೇಕು ಇವರು?" ಎಂದ. ಅಮ್ಮ ಮಗಳ ಮುಖ ನೋಡಿದಳು. ತಮಾಷೆ ಮಾಡಿದನೆಂದುಕೊಂಡು ಮಗಳು ನಕ್ಕಳು. ಅಮ್ಮ ನಗಲಿಲ್ಲ.

ಅದೇ ದಿನಗಳಲ್ಲಿ ಎರಡನೇ ಮಹಡಿಯ ಮನೋರೋಗ ವಿಭಾಗದ ಡಾಕ್ಟರಮ್ಮ ಒಂದು ಅಧ್ಯಯನ ಶುರು ಮಾಡಿದ್ದರು. ಸ್ಕಿಜೋಫ್ರೇನಿಯಾ ಇರುವ ಮೂವತ್ತು ಜನ, ಏನೂ ಇಲ್ಲದ ಆರೋಗ್ಯವಂತರು ಮೂವತ್ತು ಜನ. ಎರಡೂ ಗುಂಪಿನವರ ರಕ್ತದಲ್ಲೂ ಉರಿಯೂತದ ಕೆಲವು ಪ್ರೋಟೀನುಗಳ ಮಟ್ಟ ನೋಡಿ, ರೋಗವನ್ನು ರಕ್ತದಲ್ಲೇ ಗುರುತಿಸಲು ಬರುತ್ತದೆಯೇ ಎಂದು ಹುಡುಕುವುದು. ಒಬ್ಬೊಬ್ಬರಿಂದ ನಾಲ್ಕು ಟ್ಯೂಬು. ಯಾರ ಹೆಸರೂ ಇಲ್ಲ, ಬರೀ ನಂಬರು. ಯಂತ್ರಕ್ಕೆ ಹಾಕುವವರಿಗೂ ಬರೆದಿಡುವವರಿಗೂ ಯಾವುದು ಯಾರದೆಂದು ಗೊತ್ತಾಗಬಾರದು. ಯಾವ ನಂಬರು ಯಾರದು ಎಂಬ ಪುಸ್ತಕ ಸೂಜಿಯಕ್ಕನ ಕಪಾಟಿನಲ್ಲಿ ಬೀಗದೊಳಗೆ. ಆರೋಗ್ಯವಂತರನ್ನು ಹುಡುಕುವ ಹೊಣೆಯೂ ಲ್ಯಾಬಿನದೇ. ಅವರಿಂದ ಒಪ್ಪಿಗೆಯ ಸಹಿ ಪಡೆದು, ಇಪ್ಪತ್ತು ಪ್ರಶ್ನೆಗಳ ಒಂದು ಹಾಳೆ ತುಂಬಿಸಿದರೆ ಆಯಿತು.

ಈಗ ಹೇಳಿ, ಅವಳಿಗೆ ಬೇರೆ ಯೋಚನೆ ಬರಲು ಸಾಧ್ಯವಿತ್ತೇ? ಅಪ್ಪನ ಒಂದು ಹನಿ ನೆನಪಿದ್ದವಳಿಗೆ?

ಒಂದು ಭಾನುವಾರ ಬೆಳಿಗ್ಗೆ ಚೀಲದಲ್ಲಿ ಸಾಮಾನು ತಂದು ತಮ್ಮನ ಎದುರು ಕೂತಳು. "ತೋಳು ಕೊಡೋ. ಯಾವಾಗ್ಲೂ ಸುಸ್ತು ಅಂತೀಯ. ಹಿಮೋಗ್ಲೋಬಿನ್ ನೋಡ್ತೀನಿ."

ಅವನು ಮಾತಾಡದೆ ಕೊಟ್ಟ. ಮೊದಲ ಟ್ಯೂಬು ತುಂಬಿತು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಅವನು ಕೇಳಿದ, "ಹಿಮೋಗ್ಲೋಬಿನ್‌ಗೆ ನಾಲ್ಕು ಯಾಕೆ?"

"ಹೊಸ ಪದ್ಧತಿ."

ನಾಲ್ಕಕ್ಕೂ ಅವಳು ಅಂಟಿಸಿದ ಸಣ್ಣ ಚೀಟಿಯನ್ನು ಅವನು ನೋಡಿದ. ಅಳತೆಯ ಅಂಕಿ ಓದಿ ಓದಿ ಪಳಗಿದ ಕಣ್ಣು ಅದು. "ನಲವತ್ತೊಂದು ಅಂದ್ರೆ?"

"ಅದೇನೂ ಇಲ್ಲ. ಕ್ರಮಸಂಖ್ಯೆ."

ಲ್ಯಾಬಿಗೆ ಹೋಗಿ ಒಪ್ಪಿಗೆಯ ಹಾಳೆಯಲ್ಲಿ ಅವನ ಸಹಿಯನ್ನು ತಾನೇ ಹಾಕಿದಳು. ಇಪ್ಪತ್ತು ಪ್ರಶ್ನೆಗಳನ್ನೂ ತಾನೇ ತುಂಬಿದಳು. ಇತ್ತೀಚೆಗೆ ಜನರಿಂದ ದೂರವಾಗಿದ್ದಾರೆಯೇ? ಇಲ್ಲ. ಬೇರೆಯವರು ತನ್ನ ಬಗ್ಗೆ ಮಾತಾಡುತ್ತಾರೆಂಬ ಅನುಮಾನ ಇದೆಯೇ? ಇಲ್ಲ. ಇಪ್ಪತ್ತು ಸಲ ಇಲ್ಲ. ರೋಗವಿದ್ದರೆ ರಕ್ತವೇ ಹೇಳುತ್ತದೆ, ಇಲ್ಲದಿದ್ದರೆ ಯಾರಿಗೂ ತಿಳಿಯದೆ ಮುಗಿಯುತ್ತದೆ. ಆ ಮಹಡಿಯ ಮೆಟ್ಟಿಲು ಹತ್ತಿಸಿ ಹುಡುಗನಿಗೆ ಹಣೆಪಟ್ಟಿ ಅಂಟಿಸುವುದು ತಪ್ಪುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ನಾಲ್ಕು ತಿಂಗಳಿಗೆ ಅಂಕಿಗಳು ಬಂದವು. ಅವಳ ಕಣ್ಣು ನೇರವಾಗಿ ನಲವತ್ತೊಂದರ ಸಾಲಿಗೆ ಹೋಯಿತು. ಎಲ್ಲವೂ ಸರಿಯಾದ ಮಿತಿಯೊಳಗೆ! ಹೊರಗೆ ಹೋಗಿ ಒಬ್ಬಳೇ ಎರಡು ಲೋಟ ಚಹಾ ಕುಡಿದಳು. ಅದೇ ಪಟ್ಟಿಯಲ್ಲಿ, ಅದೇ ಪುಸ್ತಕದ ಪ್ರಕಾರ, ವರ್ಷಾನುಗಟ್ಟಲೆಯಿಂದ ರೋಗವಿದ್ದ ಮೂವತ್ತರಲ್ಲಿ ಹದಿನಾಲ್ಕು ಜನರ ಅಂಕಿಗಳೂ ಹಾಗೇ ಸರಿಯಾಗಿದ್ದವು. ಅದನ್ನು ಅವಳು ನೋಡಲಿಲ್ಲವೆಂದಲ್ಲ. ನೋಡಿದಳು, ಹಾಳೆ ಮಡಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಅಲ್ಲಿಂದ ಮುಂದೆ ಮನೆಯಲ್ಲಿ ಏನಾದರೂ ಅವಳ ಬಳಿ ಒಂದೇ ಉತ್ತರ. ಅವನು ಖಾಲಿ ಕೋಣೆಯಲ್ಲಿ ಯಾರಿಗೋ "ಸಾಕು, ಸಾಕು ಅಂದ್ನಲ್ಲ" ಎನ್ನುವುದನ್ನು ಅಮ್ಮ ಕೇಳಿಸಿಕೊಂಡು ಬಂದು ಹೇಳಿದಳು. "ಡಾಕ್ಟ್ರಿಗೆ ತೋರ್ಸೋಣ ಕಣೇ. ನೀನಿರೋದೇ ಆಸ್ಪತ್ರೆಲಿ."

"ರಕ್ತ ನೋಡಾಯ್ತಮ್ಮ. ಏನೂ ಇಲ್ಲ."

"ರಕ್ತದಲ್ಲಿಲ್ಲ, ಕಣ್ಣೆದುರು ಇದೆ."

"ನಿನಗೆ ಗೊತ್ತಾ, ನನಗೆ ಗೊತ್ತಾ?"

ಅಮ್ಮ ಬಾಯಿಗೆ ಬೀಗ ಹಾಕಿಕೊಂಡಳು. ಓದಿದ ಮಗಳು, ಬಿಳಿ ಕೋಟು ಹಾಕುವ ಮಗಳು. ಹೊಲಿಗೆ ಮಿಷನ್ನಿನವಳು ಇನ್ನೇನು ಹೇಳಿಯಾಳು? ಹೀಗೆ ಇನ್ನೂ ಏಳು ತಿಂಗಳು ಕಳೆದವು.

ಒಂದು ಮಂಗಳವಾರ ಮಧ್ಯಾಹ್ನ ಯಜಮಾನನ ಫೋನು ಬಂತು. "ತಾಯಿ, ಬೇಗ ಬನ್ನಿ. ಯಾರ ಮಾತೂ ಕೇಳ್ತಿಲ್ಲ ಇವನು."

ಹೋಗಿ ನೋಡಿದರೆ ಅಂಗಡಿಯ ಅರ್ಧ ಷಟರು ಇಳಿದಿತ್ತು. ಹಿಂದಿನ ಕೋಣೆಯಲ್ಲಿ ಗಾಜು ತೊಳೆಯುವ ಬಕೆಟ್ಟಿನ ತುಂಬ ಕನ್ನಡಕಗಳು. ಗಿರಾಕಿಗಳು ರಿಪೇರಿಗೆ ಕೊಟ್ಟವು, ಸಿದ್ಧವಾಗಿ ಚೀಟಿ ಕಟ್ಟಿದವು, ಎಲ್ಲವನ್ನೂ ತಂದು ನೀರಿಗೆ ಹಾಕಿ ಮೇಲೊಂದು ಮಣೆ ಇಟ್ಟು ಅದರ ಮೇಲೆ ತಮ್ಮ ಕೂತಿದ್ದ. ತುಟಿ ಒಣಗಿತ್ತು. ಗಡ್ಡದಲ್ಲಿ ಗಾಜಿನ ಪುಡಿ.

"ಇವುಗಳ ಮೂಲಕ ನೋಡ್ತಿದಾರೆ ಅಕ್ಕ. ನೀರಲ್ಲಿದ್ರೆ ಕಾಣಲ್ಲ."

"ಯಾರೋ ನೋಡ್ತಿರೋದು?"

"ನಿಂಗೆ ಗೊತ್ತಿಲ್ವಾ?" ಅವನು ಅವಳನ್ನೇ ನೋಡಿದ. "ನೀನೇ ತಾನೆ ಕೊಟ್ಟಿದ್ದು."

ಯಜಮಾನನೂ ಅವಳೂ ಸೇರಿ ಅವನನ್ನು ಆಟೋಗೆ ಹತ್ತಿಸುವಷ್ಟರಲ್ಲಿ ಒಂದೂವರೆ ತಾಸು ಹಿಡಿಯಿತು. ದಾರಿಯುದ್ದಕ್ಕೂ ಅವನು ಎರಡೂ ತೋಳುಗಳನ್ನು ಅಂಗಿಯ ಒಳಗೆ ಎಳೆದುಕೊಂಡು, ಖಾಲಿ ತೋಳಿನ ಬಟ್ಟೆ ನೇತಾಡುತ್ತ, ಕೂತಿದ್ದ.

ಎರಡನೇ ಮಹಡಿ. ಹತ್ತೊಂಬತ್ತು ವರ್ಷದಲ್ಲಿ ಟ್ಯೂಬು ಹಿಡಿದು ಎಷ್ಟೋ ಸಲ ಹತ್ತಿದ ಮೆಟ್ಟಿಲು, ಇವತ್ತು ಕಂಬಿ ಹಿಡಿದು ಹತ್ತಿದಳು. ಡಾಕ್ಟರಮ್ಮ ತಮ್ಮನ ಜೊತೆ ಒಂದು ತಾಸು ಒಬ್ಬರೇ ಮಾತಾಡಿದರು. ಆಮೇಲೆ ಅವಳನ್ನು ಕರೆದರು. ನೆತ್ತಿಯ ಮೇಲೆ ಕನ್ನಡಕ ಏರಿಸಿಕೊಳ್ಳುವ, ಮೆಲ್ಲಗೆ ಮಾತಾಡುವ, ಆದರೆ ಒಂದು ಅಕ್ಷರವನ್ನೂ ಬಿಡದೆ ಬರೆಯುವ ಹೆಂಗಸು ಅವರು.

"ಸೂಜಿಯಕ್ಕ, ಯಾವಾಗಿಂದ ಇದೆಲ್ಲ?"

ಬಾಯಿ ತೆರೆಯುವ ಮುನ್ನ ಅವಳ ಕಣ್ಣ ಮುಂದೆ ಇಪ್ಪತ್ತು 'ಇಲ್ಲ'ಗಳು ಬಂದು ನಿಂತವು. ಹನ್ನೊಂದು ತಿಂಗಳ ಹಿಂದಿನ ತಾರೀಖು, ಅವಳದೇ ಅಕ್ಷರ, ಅವನ ಹೆಸರಿನ ಕಳ್ಳ ಸಹಿ.

"ಮೂರು ವಾರ ಆಗಿರಬೇಕು ಮೇಡಂ."

"ಅದಕ್ಕೆ ಮುಂಚೆ?"

"ಚೆನ್ನಾಗೇ ಇದ್ದ."

ಡಾಕ್ಟರಮ್ಮನ ಪೆನ್ನು ನಿಂತಿತು. "ಚೆನ್ನಾಗಿದ್ದ ಇಪ್ಪತ್ತೇಳರ ಹುಡುಗ ಮೂರೇ ವಾರದಲ್ಲಿ ಈ ಮಟ್ಟಕ್ಕೆ ಬಂದ ಅಂದ್ರೆ ನಾನು ಬೇರೆ ದಾರಿಲಿ ಯೋಚನೆ ಮಾಡಬೇಕಾಗುತ್ತೆ. ಮಿದುಳಲ್ಲೇ ಉರಿಯೂತ ಆಗಿದ್ರೂ ಹೀಗೇ ಶುರುವಾಗುತ್ತೆ. ಸ್ಕ್ಯಾನ್ ಇವತ್ತೇ ಮಾಡಿಸೋಣ, ರಕ್ತನೂ. ನಾಳೆ ಹತ್ತು ಗಂಟೆಗೆ ಬೆನ್ನಿಗೆ ಸೂಜಿ ಹಾಕಿ ಬೆನ್ನುಹುರಿಯ ಸುತ್ತಲಿನ ನೀರು ತೆಗೆದು ನೋಡೋಣ. ಅದು ಆಗೋವರೆಗೆ ಮುಖ್ಯ ಔಷಧಿ ಶುರು ಮಾಡಲ್ಲ." ಆಮೇಲೆ ತಾವು ಬರೆದದ್ದನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟರು. "ಪಾಪ, ನಿಮ್ಮ ಮೇಲೇ ತಿರುಗಿದೆ ಅವನ ಭ್ರಮೆ. ಬೇಜಾರು ಮಾಡ್ಕೋಬೇಡಿ. ಹೇಳ್ತಾನೆ: ಅಕ್ಕ ಸುಳ್ಳು ಹೇಳಿ ನನ್ನ ರಕ್ತ ನಾಲ್ಕು ಟ್ಯೂಬು ತೆಗೆದು ಈ ಆಸ್ಪತ್ರೆಗೆ ಕೊಟ್ಟಿದಾಳೆ, ನನಗೆ ನಲವತ್ತೊಂದು ಅಂತ ನಂಬರು ಹಾಕಿದಾರೆ, ಅವತ್ತಿಂದ ನನ್ನ ಒಳಗಿನದ್ದೆಲ್ಲ ಅವರಿಗೆ ಕೇಳಿಸುತ್ತೆ. ನಮ್ಮ ಅಧ್ಯಯನದ ವಿಷಯ ನೀವು ಮನೇಲಿ ಮಾತಾಡಿದ್ದು ಕಿವಿಗೆ ಬಿದ್ದಿರಬೇಕು. ನಂಬರ್ ಸಮೇತ ನೋಡಿ, ಎಷ್ಟು ಗಟ್ಟಿಯಾಗಿ ಕೂತಿದೆ."

ಹಾಳೆಯ ಮೇಲ್ಭಾಗದಲ್ಲಿ ಅದನ್ನೇ ಮೊದಲ ಲಕ್ಷಣವೆಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಆ ಸಾಲಿನ ಮೊದಲರ್ಧ ಪೂರಾ ನಿಜ. ಅದು ನಿಜವೆಂದು ಭೂಮಿಯ ಮೇಲೆ ಅವನಿಗೊಬ್ಬನಿಗೆ ಗೊತ್ತು, ಅವಳಿಗೊಬ್ಬಳಿಗೆ ಗೊತ್ತು. ಅವನು ಹೇಳಿದರೆ ಹುಚ್ಚು ಎಂದು ಬರೆದುಕೊಳ್ಳುತ್ತಾರೆ. ಅವಳು ಹೇಳಿದರೆ ಕೆಲಸ ಹೋಗುತ್ತದೆ. ಒಪ್ಪಿಗೆ ಇಲ್ಲದೆ ರಕ್ತ, ಕಳ್ಳ ಸಹಿ, ಕೆಟ್ಟುಹೋದ ಅಧ್ಯಯನ. ಹತ್ತೊಂಬತ್ತು ವರ್ಷದ ಹೆಸರು ಒಂದೇ ದಿನಕ್ಕೆ ಮಣ್ಣುಪಾಲು. ಆ ಮನೆಗೆ ಬರುವ ಸಂಬಳ ಇನ್ನು ಅವಳದೊಂದೇ ಎಂಬುದೂ ತಲೆಯಲ್ಲಿ ಓಡಿತು. ನಾಳೆಯ ನೀರು ತೆಗೆಯುವ ಒಪ್ಪಿಗೆಯ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡು ಹೊರಗೆ ಬಂದಳು.

ಸ್ಕ್ಯಾನಿನಲ್ಲಿ ಏನೂ ಬರಲಿಲ್ಲ. ಸಂಜೆಯೊಳಗೆ ಥೈರಾಯ್ಡು, ಜೀವಸತ್ವ, ಸೋಂಕು, ಮೂತ್ರದಲ್ಲಿ ಮಾದಕವಸ್ತು, ಎಲ್ಲದರ ಫಲಿತಾಂಶವೂ ಬಂತು. ಎಲ್ಲ ಸರಿ. ಆ ರಕ್ತ ತೆಗೆಯಲು ಲ್ಯಾಬಿನ ಬೇರೆ ಹುಡುಗಿ ಹೋಗಿದ್ದಳು. ಮೂರು ಜನ ಹಿಡಿದುಕೊಳ್ಳಬೇಕಾಯಿತಂತೆ. "ನಲವತ್ತೆರಡಾ? ನಲವತ್ತಮೂರಾ? ಎಷ್ಟು ಬೇಕು ಇನ್ನೂ?" ಎಂದು ಕಿರುಚಿದನಂತೆ. ಹುಡುಗಿ ಕೆಳಗೆ ಬಂದು ಅಳುತ್ತ ಹೇಳಿದಳು, "ಅಕ್ಕ, ನಿಮ್ಮ ತಮ್ಮ ಅಂತ ಗೊತ್ತಿದ್ದೂ... ಹಿಡಿಸಿ ಚುಚ್ಚಿಬಿಟ್ಟೆ."

ಸೂಜಿಯಕ್ಕ ಅವಳ ಬೆನ್ನು ಸವರಿ ಕಳಿಸಿದಳು. ಆಮೇಲೆ ಆ ನಾಲ್ಕಾರು ಹಾಳೆಗಳನ್ನು ಒಂದೊಂದಾಗಿ ನೋಡಿದಳು. ಸರಿ, ಸರಿ, ಸರಿ. ಜೀವಮಾನದಲ್ಲಿ ಮೊದಲ ಸಲ ಆ ಪದದ ಮೇಲೆ ಅವಳಿಗೆ ಅಸಹ್ಯ ಬಂತು.

ಮರುದಿನ ಬೆಳಿಗ್ಗೆ ಎಂಟೂವರೆಗೆ ಅಮ್ಮ ಬದಲಿ ಬಟ್ಟೆಯ ಚೀಲ ಹಿಡಿದು ಬಂದಳು. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಇಬ್ಬರೂ ಕೂತರು. ಅಮ್ಮನಿಗೆ ಬೆನ್ನಿನ ಸೂಜಿಯ ವಿಷಯ ಆಗಲೇ ನರ್ಸಿನಿಂದ ತಿಳಿದಿತ್ತು.

"ಮೂರು ವಾರ ಅಂದ್ಯಂತೆ."

ಮಗಳು ಚೀಲದೊಳಗಿನ ಬಟ್ಟೆ ಎಣಿಸತೊಡಗಿದಳು.

"ನಾನೇನು ಕುರುಡೀನಾ? ಕಳೆದ ವರ್ಷ ಸಮವಸ್ತ್ರದ ಹೊಲಿಗೆ ಮುಗಿಸಿ ಎದ್ದ ದಿನವೇ ಅಲ್ವೇನೇ ಅವನು ರೇಡಿಯೋ ಆರಿಸಿದ್ದು? ಹದಿನಾಲ್ಕು ತಿಂಗಳಾಯ್ತು. ಅವತ್ತಿಂದ ಹೇಳ್ತಾ ಬಂದೆ. ರಕ್ತ ರಕ್ತ ಅಂತ ನನ್ನ ಬಾಯಿ ಮುಚ್ಚಿಸ್ದೆ. ನಾನೂ ಮುಚ್ಕೊಂಡೆ, ಅದು ನನ್ನ ತಪ್ಪು. ಈಗ ಡಾಕ್ಟ್ರ ಕಣ್ಣೂ ಮುಚ್ಚಿಸ್ತಿದೀಯಲ್ಲ, ಇದು ಯಾರ ತಪ್ಪು?" ಅಮ್ಮನ ದನಿ ಏರಲಿಲ್ಲ. ಅದೇ ಹೆಚ್ಚು ಉರಿಯಿತು. "ನಿಮ್ಮಪ್ಪಂಗೆ ಗೊತ್ತಿಲ್ದೆ ಆಯ್ತು. ಇವನಿಗೆ ಗೊತ್ತಿದ್ದೂ ಮಾಡ್ತೀಯಾ?"

ಒಳಗಿನಿಂದ ತಮ್ಮನ ದನಿ ಕೇಳಿಸುತ್ತಿತ್ತು. ಯಾರಿಗೋ ಸಮಾಧಾನವಾಗಿ, ಅಂಗಡಿಯಲ್ಲಿ ಗಿರಾಕಿಗೆ ವಿವರಿಸುವ ಹಾಗೆ ಹೇಳುತ್ತಿದ್ದ: "ನಾಲ್ಕು ಟ್ಯೂಬು. ಎಣಿಸಿದೀನಿ. ಬೇಕಾದ್ರೆ ಅವಳನ್ನೇ ಕೇಳಿ." ವಾರ್ಡಿನ ಆಳು, "ಆಯ್ತಪ್ಪ, ಆಯ್ತು, ಮಲ್ಕೋ" ಎನ್ನುತ್ತಿದ್ದ. ಅವಳನ್ನೇ ಕೇಳಿ ಎನ್ನುತ್ತಿದ್ದಾನೆ! ಇಡೀ ಆಸ್ಪತ್ರೆಯಲ್ಲಿ ತನಗಿರುವ ಒಬ್ಬಳೇ ಸಾಕ್ಷಿಯನ್ನು ಕರೆಯುತ್ತಿದ್ದಾನೆ, ಯಾರೂ ಕೇಳುತ್ತಿಲ್ಲ.

ಒಂಬತ್ತೂಕಾಲಿಗೆ ಸೂಜಿಯಕ್ಕ ಕೆಳಗಿಳಿದು ಕಪಾಟಿನ ಬೀಗ ತೆಗೆದಳು. ಪುಸ್ತಕವನ್ನೂ ಇಪ್ಪತ್ತು ಪ್ರಶ್ನೆಯ ಹಾಳೆಯನ್ನೂ ತೆಗೆದುಕೊಂಡು ಮೇಲೆ ಹೋಗಿ, ಡಾಕ್ಟರಮ್ಮನ ಮೇಜಿನ ಮೇಲೆ ಎರಡನ್ನೂ ಇಟ್ಟಳು. ಕೂರಲಿಲ್ಲ.

"ಮೇಡಂ, ನೀವು ಗೆರೆ ಎಳೆದಿದೀರಲ್ಲ, ಅದು ಭ್ರಮೆ ಅಲ್ಲ. ನಲವತ್ತೊಂದು ಇವನೇ. ಸುಳ್ಳು ಹೇಳಿ ರಕ್ತ ತೆಗೆದೆ. ಸಹಿನೂ ನಂದೇ."

ಡಾಕ್ಟರಮ್ಮ ಪುಸ್ತಕ ತೆರೆದರು. ನಲವತ್ತೊಂದರ ಎದುರಿಗಿದ್ದ ಹೆಸರನ್ನು ಎರಡು ಸಲ ಓದಿದರು. ನೆತ್ತಿಯ ಕನ್ನಡಕ ಕೆಳಗಿಳಿಯಿತು. ಗೋಡೆಯ ಗಡಿಯಾರ ನೋಡಿದರು.

"ಇನ್ನು ನಲವತ್ತು ನಿಮಿಷಕ್ಕೆ ನಾಲ್ಕು ಜನ ಹಿಡ್ಕೊಂಡು ಅವನ ಬೆನ್ನಿಗೆ ಸೂಜಿ ಹಾಕೋರಿದ್ವಿ" ಎಂದರು. ಮೆಲುದನಿ ಈಗ ಗಟ್ಟಿಯಾಗಿತ್ತು. "ಅವನು ನಿಜ ಹೇಳಿದ, ನಾನು ರೋಗ ಅಂತ ಬರ್ಕೊಂಡೆ. ನನ್ನ ಕೈಯಲ್ಲಿ ಏನು ಮಾಡಿಸಿದ್ರಿ ಗೊತ್ತಾ ನೀವು?"

"ಗೊತ್ತು."

"ಕೂತ್ಕೊಳ್ಳಿ. ಅಳೋದು ಆಮೇಲೆ. ಮೊದಲು ಹೇಳಿ, ಯಾವಾಗಿಂದ? ತಿಂಗಳು ತಿಂಗಳಾಗಿ ಹೇಳಿ. ನೀವು ಏನಂದ್ಕೊಂಡ್ರಿ ಅನ್ನೋದು ಬೇಡ. ಏನು ಕಂಡ್ರಿ ಅಷ್ಟೇ."

ಹೇಳಿದಳು. ನಗು ನಿಂತದ್ದು, ಒಂಬತ್ತು ದಿನದ ಅಂಗಿ, ಗೋಡೆಯ ಕಡೆ ಮುಖ, ರೇಡಿಯೋ, ಖಾಲಿ ಕೋಣೆಯ "ಸಾಕು". ಯಾವುದನ್ನೂ ಮರೆತಿರಲಿಲ್ಲ, ತಾರೀಖಿನ ಸಮೇತ ಎಲ್ಲವೂ ಒಳಗಿದ್ದವು. ಪ್ರತಿಯೊಂದು ಬಾಯಿಂದ ಬಂದಾಗಲೂ ಡಾಕ್ಟರಮ್ಮನ ಪೆನ್ನು ಓಡುತ್ತಿತ್ತು, ಪ್ರತಿಯೊಂದೂ ತಮ್ಮನ ಮೇಲೆ ಒಂದೊಂದು ಕಲ್ಲು ಹೇರಿದ ಹಾಗೆ ಅವಳಿಗೆ ಅನಿಸುತ್ತಿತ್ತು. ಜ್ವರ ಬಂದಿತ್ತಾ? ಇಲ್ಲ. ಫಿಟ್ಸು? ಇಲ್ಲ. ಈ ಸಲದ 'ಇಲ್ಲ'ಗಳು ನಿಜವಾದವು.

ಡಾಕ್ಟರಮ್ಮ ಫೋನೆತ್ತಿ ಹತ್ತು ಗಂಟೆಯ ಸೂಜಿ ಬೇಡವೆಂದರು. ಮೊದಲ ಹಾಳೆಯ ಎರಡು ಗೆರೆಯ ಸಾಲಿನಲ್ಲಿ ಅರ್ಧವನ್ನು ಹೊಡೆದುಹಾಕಿದರು. ಇನ್ನರ್ಧ, ಒಳಗಿನದ್ದೆಲ್ಲ ಅವರಿಗೆ ಕೇಳಿಸುತ್ತದೆ ಎಂಬುದು, ಹಾಗೇ ಉಳಿಯಿತು.

"ಹಾಗಾದ್ರೆ ಮೇಡಂ..."

"ಹದಿನಾಲ್ಕು ತಿಂಗಳು. ನಿಧಾನವಾಗಿ ಏರಿದ್ದು. ಧ್ವನಿಗಳು, ಅನುಮಾನ, ಎಲ್ಲರಿಂದ ದೂರವಾಗಿದ್ದು. ಬೇರೆ ಕಾರಣ ಯಾವುದೂ ಸಿಕ್ಕಿಲ್ಲ. ಇದು ಸ್ಕಿಜೋಫ್ರೇನಿಯಾನೇ ಸೂಜಿಯಕ್ಕ. ನಿನ್ನೆ ನನಗೆ ಅನುಮಾನ ಇತ್ತು. ಇವತ್ತು ನಿಮ್ಮ ಮಾತು ಕೇಳಿದ ಮೇಲೆ ಇಲ್ಲ."

ನಿಜ ಹೇಳಿ ಅವನನ್ನು ಒಂದು ಸಾಲಿನಿಂದ ಬಿಡಿಸಿದಳು, ಅದೇ ನಿಜದಿಂದ ರೋಗಕ್ಕೆ ಸಾಕ್ಷಿ ಹೇಳಿದಳು. "ರಕ್ತದಲ್ಲಿ ಏನೂ ಇರಲಿಲ್ಲವಲ್ಲ ಮೇಡಂ" ಎಂದಳು, ಚಿಕ್ಕ ಹುಡುಗಿಯ ಹಾಗೆ.

"ರಕ್ತ ಹುಡುಕ್ತಿದೀವಿ, ಮಿದುಳಿನ ಚಿತ್ರ ಹುಡುಕ್ತಿದೀವಿ, ಕಣ್ಣು ಹೇಗೆ ಚಲಿಸುತ್ತೆ ಅಂತ ಅಳೀತಿದೀವಿ. ನೂರು ಜನನ್ನ ನೂರು ಜನರ ಪಕ್ಕ ಇಟ್ರೆ ವ್ಯತ್ಯಾಸ ಕಾಣುತ್ತೆ. ಒಬ್ಬನ್ನ ತಂದು ಎದುರಿಗೆ ಕೂರಿಸಿ, ಇವನಿಗೆ ಇದೆಯಾ ಇಲ್ವಾ ಅಂದ್ರೆ ಅವು ಯಾವುದೂ ಬಾಯಿ ಬಿಡಲ್ಲ. ಒಂದಲ್ಲ ಒಂದು ದಿನ ಬಿಡಬಹುದು. ಅಲ್ಲೀವರೆಗೆ ನನಗಿರೋದು ಅವನ ಮಾತು, ಅವನ ಜೊತೆ ಇದ್ದವರ ಮಾತು." ಡಾಕ್ಟರಮ್ಮ ಪುಸ್ತಕ ಮುಚ್ಚಿ ತಮ್ಮ ಕಡೆ ಎಳೆದುಕೊಂಡರು. "ಇದರ ವಿಷಯ ನಾನು ಆಸ್ಪತ್ರೆಯ ನೀತಿ ಸಮಿತಿಗೆ ಬರೀಲೇಬೇಕು. ನಿಮ್ಮ ಕೆಲಸದ ಗತಿ ಏನಾಗುತ್ತೋ ನನ್ನ ಕೈಲಿಲ್ಲ. ಇವತ್ತಿಂದ ಲ್ಯಾಬಿಗೆ ಹೋಗಬೇಡಿ."

"ಆಯ್ತು ಮೇಡಂ. ಅವನಿಗೆ ನಾನೇ ಹೇಳಬೇಕು."

"ಹೇಳಿ. ಆದ್ರೆ ಒಂದು ಗೊತ್ತಿರಲಿ, ಅವನಿಂದ ಕ್ಷಮೆ ಸಿಗುತ್ತೆ ಅಂತ ಹೋಗಬೇಡಿ."

ಮಂಚದ ತುದಿಯಲ್ಲಿ ಅವನು ತೋಳುಗಳನ್ನು ಇನ್ನೂ ಅಂಗಿಯೊಳಗೇ ಇಟ್ಟುಕೊಂಡು ಕೂತಿದ್ದ. ಅಮ್ಮ ಪಕ್ಕದಲ್ಲಿದ್ದಳು. ಸೂಜಿಯಕ್ಕ ಎದುರಿನ ಮಂಚದ ಮೇಲೆ ಕೂತು, ಎರಡೂ ಕೈಗಳನ್ನು ಅವನಿಗೆ ಕಾಣುವ ಹಾಗೆ ಮಂಡಿಯ ಮೇಲಿಟ್ಟುಕೊಂಡಳು.

"ನೀನು ಹೇಳಿದ್ದು ನಿಜ. ನಾಲ್ಕು ಟ್ಯೂಬು ತೆಗೆದೆ. ಹಿಮೋಗ್ಲೋಬಿನ್‌ಗಲ್ಲ. ಈ ಆಸ್ಪತ್ರೆಗೇ ಕೊಟ್ಟೆ. ನಲವತ್ತೊಂದು ನಿನ್ನ ನಂಬರೇ. ಡಾಕ್ಟ್ರಿಗೆ ಹೇಳಿ ಬಂದೆ."

ಅವನ ಮುಖ ಒಮ್ಮೆಗೇ ಸಡಿಲವಾಯಿತು. ಎಷ್ಟೋ ತಿಂಗಳ ನಂತರ ಅವನು ಅವಳನ್ನು ನೇರವಾಗಿ ನೋಡಿದ. "ನೋಡಿದ್ಯಾ ಅಮ್ಮ" ಎಂದ. ಆಮೇಲೆ ಮುಂದಕ್ಕೆ ಬಾಗಿ, ಆಸೆಯಿಂದ ಕೇಳಿದ: "ಹಾಗಾದ್ರೆ ಉಳಿದದ್ದೂ ನಿಜ ಅಲ್ವಾ? ಅವರು ಕೇಳಿಸ್ಕೊಳ್ಳೋದು? ಗಾಜಿನಿಂದ ನೋಡೋದು?"

ಅಯ್ಯೋ ದೇವರೇ. ಹೌದು ಎಂದುಬಿಟ್ಟರೆ ಆ ಮುಖ ಹಾಗೇ ಉಳಿಯುತ್ತಿತ್ತು. ಹೌದು ಎನ್ನುವುದು ಅವಳಿಗೆ ಎಷ್ಟು ಸುಲಭವಿತ್ತು!

"ಇಲ್ಲ ಕಣೋ. ನಿನಗೆ ಕೇಳಿಸುತ್ತೆ ಅನ್ನೋದು ನಿಜ. ಆದ್ರೆ ಅಲ್ಲಿ ಯಾರೂ ಇಲ್ಲ. ನನ್ನ ತಪ್ಪು ರಕ್ತ ತೆಗೆದದ್ದು. ಅದರಿಂದ ಯಾರಿಗೂ ಏನೂ ಕೇಳಿಸಲ್ಲ."

ಅವನು ಅವಳ ಮುಖ ದಿಟ್ಟಿಸಿದ. ಗಾಜನ್ನು ಬೆಳಕಿಗೆ ಹಿಡಿದು ಓರೆಕೋರೆ ನೋಡುವಾಗಿನ ನೋಟ ಅದು.

"ಒಂದು ವರ್ಷ ನನ್ನ ಮುಖ ನೋಡ್ಕೊಂಡು ಸುಳ್ಳು ಹೇಳಿದವಳು ನೀನು" ಎಂದ. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಇದು ಮಾತ್ರ ನಿಜ ಅಂತ ನಾನು ಹೇಗೆ ನಂಬಲಿ?"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಇವತ್ತು ನಂಬಬೇಡ" ಎಂದಳು ಸೂಜಿಯಕ್ಕ. "ನಾಳೆನೂ ಬರ್ತೀನಿ. ನಾಳೆನೂ ಕೇಳು. ಇದನ್ನೇ ಹೇಳ್ತೀನಿ."

ಆಗ ನರ್ಸು ಚಿಕ್ಕ ಬಟ್ಟಲಿನಲ್ಲಿ ಒಂದು ಮಾತ್ರೆ, ಒಂದು ಲೋಟ ನೀರು ತಂದರು. ಅಭ್ಯಾಸಬಲದಿಂದ ಸೂಜಿಯಕ್ಕ ಎದ್ದು ಬಟ್ಟಲು ಇಸಿದುಕೊಂಡು ಅವನ ಮುಂದೆ ಹಿಡಿದಳು. ಅವನು ಹಿಂದಕ್ಕೆ ಸರಿದು ಗೋಡೆಗೆ ಒತ್ತಿಕೊಂಡ. ಕಣ್ಣಲ್ಲಿ ಮತ್ತೆ ಆ ಆಟೋದ ಹೆದರಿಕೆ.

ಅವಳು ಬಟ್ಟಲನ್ನು ನರ್ಸಿನ ಕೈಗೆ ವಾಪಸು ಕೊಟ್ಟು, ಎರಡು ಹೆಜ್ಜೆ ಹಿಂದೆ ಹೋಗಿ, ಮುಖ ಬಾಗಿಲ ಕಡೆ ತಿರುಗಿಸಿ ನಿಂತಳು. ಬೆನ್ನ ಹಿಂದೆ ಅಂಗಿಯೊಳಗಿಂದ ತೋಳು ಹೊರಬರುವ ಸದ್ದಾಯಿತು. ಇವಳು ಯಾರೆಂದೇ ಗೊತ್ತಿಲ್ಲದ, ಈ ವಾರವಷ್ಟೇ ಕೆಲಸಕ್ಕೆ ಸೇರಿದ ಆ ನರ್ಸಿನ ಕೈಯಿಂದ ಅವನು ಮಾತ್ರೆ ತೆಗೆದುಕೊಂಡು ನುಂಗಿದ.